ರಸ್ತೆ ದಾಟೋ ಮುದುಕಿ ಪಾರ್ಟು

ಏ ಚನ್ನಬಸಪ್ಪ, ಫೋನಿನ ಗ್ರೂಪಿನ್ಯಾಗ ನೀ ಅಂದಿದ್ದು ಕೇಳೀನಿ. "ಹಣಮಂತರಾಯಗ ಅರಳು ಮರಳು, ಫೋನು ಬುದ್ಧಿ ಹೇಳಿತು ಅಂತ ಕಥಿ ಕಟ್ಟತಾನ" ಅಂತ. ನನ್ನ ನೆನಪಿಗೆ ಏನ್ ಧಾಡಿ ಆಗೇತಿ? ಕೆಟ್ಟಿದ್ದು ಕಣ್ಣು. ಅದು ಆಗಿದ್ದು ಶ್ರಾವಣದ ಎರಡನೇ ಸೋಮವಾರ, ಮನ್ಯಾಗ ಹೆಸರಬ್ಯಾಳಿ ಪಾಯಸ. ಇಷ್ಟು ನೆನಪು ಸಾಕೇನು? ಎಲ್ಲಾರೂ ಬಾಯಿ ಮುಚ್ಚಿ ಕೇಳ್ರಿ.

ಹಿಂದಿನ ದಿನ ನಾಚಾರಂ ಹಾದ್ಯಾಗ ಸ್ಪೀಡ್ ಬ್ರೇಕರ್ ನೋಡಿ ನೆರಳು ಅಂತ ತಿಳದು ಸ್ಕೂಟರ್ ಹಾರಿಸಿಬಿಟ್ಟಿದ್ದೆ. ಹಿಂದ ಕುಂತ ನನ್ನ ಹೆಂಡ್ತಿ ಶರಣಬಸಮ್ಮನ ಚೀಲದಾಗಿನ ಟೊಮೆಟೊ ರಸ್ತೆ ತುಂಬ. ಮನಿಗೆ ಬಂದಾಕಿನ, "ಇನ್ನ ಗಾಡಿ ಮುಟ್ಟಿದ್ರ ನೋಡ್ರಿ!" ಅಂದ್ಲು. ಮೂವತ್ತು ವರ್ಷ ಕಾರ್ಖಾನಿಗೆ ಅದೇ ಗಾಡಿ ಮ್ಯಾಲ ಹೋಗಿಬಂದಾಂವ ನಾ. ಬಿಡು ಅಂದ್ರ ಬಿಡೂದಾ?

ಮೊಮ್ಮಗಳು ಪಿಂಕಿ ನನ್ನ ಫೋನಿನ್ಯಾಗ ಮಾತಾಡೋ ಎಐ ಹಾಕಿಕೊಟ್ಟಿದ್ಲು. "ಅಜ್ಜಾ, ಮದಲ ಅದಕ್ಕೊಂದು ಪಾರ್ಟು ಕೊಡಬೇಕು. ನೀ ಇಂಥಾಂವ ಅಂತ ಹೇಳು, ಹಂಗ ಮಾತಾಡತೈತಿ."

ಕೊಟ್ಟೆ. "ನೀ ಕಣ್ಣಿನ ಡಾಕ್ಟರ್. ಕಣ್ಣು ಮಂಜಾದ್ರ ಗಾಡಿ ಹೊಡೀಬಹುದೇನು?" ಅಂದೆ. ಅದು ಪುಸ್ತಕದ ಕನ್ನಡದಾಗ, "ತಪಾಸಣೆ ಆಗುವವರೆಗೆ ವಾಹನ ಓಡಿಸಬೇಡಿ" ಅಂತು. ಮನಸ್ಸಿಗೆ ಬರಲಿಲ್ಲ. "ನೀ ನನ್ನ ದೋಸ್ತ ಚನ್ನಬಸಪ್ಪ, ಭಾಳ ಧೈರ್ಯದಾಂವ" ಅಂದೆ. ಖರೇನ ನಿನ್ನಂಗನ ಮಾತಾಡಿತು! "ಅರೇ ರಾಯಾ, ನಿಂದು ಪಳಗಿದ ಕೈ. ಸಾವಕಾಶ ಹೊಡಿ, ಏನಾಗಂಗಿಲ್ಲ." ಒಂದೇ ಮಿಷನ್, ವೇಷ ಬದಲಾದ್ರ ನಾಲಿಗಿನೂ ಬದಲು. ಚಾವಿ ತಗೊಂಡೆ.

ಶರಣಬಸಮ್ಮ ಒಲಿ ಮುಂದಿಂದ ಬಂದು ಫೋನ್ ಕಸಗೊಂಡ್ಲು. "ನಿಮಗ ಬೇಕಾದ ಪಾರ್ಟು ನೀವು ಕೊಟ್ರಿ. ಈಗ ನಾ ಕೊಡತೀನಿ." ಫೋನ್ ಬಾಯಿ ಹತ್ರ ಹಿಡಕೊಂಡು, "ನೀ ತಾರ್ನಾಕದಾಗ ರಸ್ತೆ ದಾಟೋ ಮುದುಕಿ. ಎದುರಿಗೆ ಈ ಯಪ್ಪನ ಗಾಡಿ ಬರಾಕತ್ತೈತಿ. ಮಾತಾಡವ್ವಾ" ಅಂದ್ಲು.

ಅದು ಸಣ್ಣ ದನಿಲೆ, "ಅಣ್ಣಾ, ನೀ ನನಗ ಕಾಣಾಕತ್ತೀ. ನಾ ನಿನಗ ಕಾಣಾಕತ್ತೀನೇನು?"

ನಗಾಕ ಹೋದೆ. ಇಕಿ, "ಜವಾಬು ಕೊಡ್ರಿ, ಅವ್ವ ನಡುರಸ್ತ್ಯಾಗ ನಿಂತಾಳ" ಅಂದ್ಲು.

ಎದುರಿನ ಕ್ಯಾಲೆಂಡರ್ ನೋಡಿದೆ. ತಾರೀಖು ಅನ್ನೂವು ಕರೀ ಇರವಿ ಹರದಾಡಿದಂಗ. ಅದರ ಬಾಜೂಕಿನ ಮೊಳಿ ತಡವಿ ತಡವಿ ಹುಡುಕಿ, ಚಾವಿ ಅಲ್ಲೇ ತೂಗಹಾಕಿದೆ.

ಮಲಕಪೇಟದ ನಮ್ಮ ದೋಸ್ತ ಅಮರಯ್ಯ ಇನ್ನೂ ಗಾಡಿ ಹೊಡಿತಾನ. ಇದನ್ನ ಅವಗ ಮುಟ್ಟಿಸ್ರಿ. ಬರದು ಕಳಸಬ್ಯಾಡ್ರಿ ಮತ್ತ, ನಾ ಹಿಂಗ ಮಾತಾಡಿ ಕಳಿಸಿದ್ದನ್ನ ಕೇಳಿಸ್ರಿ. ಅಕ್ಷರ ಅವಗೂ ಕಾಣವಲ್ಲವು.