ಫಕೀರನ ಊರು ಕೇಳಬಾರದು

ತಮ್ಮನ ಮದುವೆ ಕಾರ್ಡು ಮಾಡಿಸಲು ಕೊಟ್ಟೂರಿನ ಅಮ್ಜದನ ಪ್ರೆಸ್ಸಿಗೆ ಹೋದ ದಿನವೇ ಈ ರಗಳೆ ಶುರುವಾದದ್ದು. ಅಮ್ಜದ್ ಕಂಪ್ಯೂಟರಿನಲ್ಲಿ ಹೆಸರು ಹೊಡೆಯುತ್ತಾ, "ಅಪ್ಪಾರ ಹೆಸರು ಪಾಲಣ್ಣ ಅಂದ್ರಿ. ಮುಂದ ದಿವಂಗತ ಅಂತ ಹಾಕ್ಲೇನ್ರಿ, ಬ್ಯಾಡೋ?" ಅಂದ. ಪಾಪ, ಬಂದವರನ್ನೆಲ್ಲ ಅವನು ಕೇಳುವ ಪ್ರಶ್ನೆ ಅದು. ಅಪ್ಪ ಇದ್ದಾನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಅವ್ವ ಸೆರಗಿನ ಅಂಚು ತಿರುವುತ್ತಾ ಕೂತಳು.

ನಮ್ಮದು ಕೂಡ್ಲಿಗಿ ಕಡೆಯ ಹಳ್ಳಿ. ಅಪ್ಪ ಹುಣಸೆಹಣ್ಣಿನ ಚೀಲ ಸೈಕಲ್ಲಿಗೆ ಕಟ್ಟಿಕೊಂಡು ಊರೂರು ತಿರುಗಿ ಮಾರುತ್ತಿದ್ದ. ಇಪ್ಪತ್ತು ವರ್ಷದ ಹಿಂದೆ ಮೊಹರಂ ಹೊತ್ತಿಗೆ ಹಾಗೆ ಹೊರಟವನು ತಿರುಗಿ ಬರಲಿಲ್ಲ. ಊರವರು ಹುಡುಕಿದರು, ಸ್ಟೇಷನ್ನಿಗೂ ಹೋಗಿ ಬಂದರು. ಆಮೇಲೆ ಅವರಿಗೆ ಹುಡುಕುವುದಕ್ಕಿಂತ ಆಡಿಕೊಳ್ಳುವುದೇ ಸುಲಭ ಅನ್ನಿಸಿತು. ಹಡಗಲಿಯಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆ ಅಂದ ಒಬ್ಬ. ಮೈಲಾರದ ಹೊಳೆದಂಡೆಯಲ್ಲಿ ಕಂಡೆ, ಜೊತೆಗೊಬ್ಬ ಹೆಂಗಸಿದ್ದಳು ಅಂದ ಇನ್ನೊಬ್ಬ. ಕಂಡಿದ್ದರೆ ಕೂಗಿ ಯಾಕೆ ಕರೆಯಲಿಲ್ಲ ಅಂತ ನಾನು ಅವನ ಮನೆ ಬಾಗಿಲಿಗೇ ಹೋಗಿ ಜಗಳ ತೆಗೆದಿದ್ದೆ. ಆಡುವ ಬಾಯಿಗೆ ಅಗಸೆ ಬಾಗಿಲು ಹಾಕೋಕಾಗುತ್ತಾ? ನಮ್ಮವ್ವ ಹುಲುಗಮ್ಮ ಎಲ್ಲರ ಬಾಯಲ್ಲೂ ಓಡಿಹೋದವನ ಹೆಂಡತಿ ಆದಳು. ನೀರಿಗೆ ಹೋದರೂ ಅದೇ ಮಾತು, ಮದುವೆಮನೆಗೆ ಹೋದರೂ ಅದೇ ಮಾತು. ಕೊನೆಗೆ ಅವಳು ಮದುವೆಮನೆಗೆ ಹೋಗುವುದನ್ನೇ ಬಿಟ್ಟಳು.

ಈಗ ಮದುವೆ ನಮ್ಮ ಮನೆಗೇ ಬಂದಿತ್ತು. ಹುಡುಗಿಯ ದೊಡ್ಡಪ್ಪ ಪಕ್ಕೀರಪ್ಪ ಖಡಾಖಂಡಿತ ಹೇಳಿದ: "ಬದುಕಿದ್ರ ಕರಸ್ರಿ, ಸತ್ತಿದ್ರ ಕಾಗದ ತೋರಸ್ರಿ. ನಾಳಿ ಇನ್ನೊಂದ್ ಸಂಸಾರ ಬಂದು ಬಾಗಲಾಗ ನಿಂತ್ರ ನಮ್ಮ ಹುಡುಗಿ ಗತಿ ಏನು?" ಮಾತು ಖಾರವಾಗಿತ್ತು, ಆದರೆ ತಪ್ಪು ಅನ್ನುವಂತಿರಲಿಲ್ಲ. ನನ್ನ ತಮ್ಮನ ಹೆಸರು ಕ್ರಾಂತಿಕುಮಾರ್, ನನ್ನದು ಸಮತಾ. ಎರಡನ್ನೂ ಇಟ್ಟವರು ಊರಿನ ಶಾಲೆಯ ಮೇಷ್ಟ್ರು. ಕ್ರಾಂತಿ ಅನ್ನೋದು ಹೆಸರಿಗಷ್ಟೇ. ಮದುವೆ ನಿಂತರೆ ನಿಲ್ಲಲಿ ಅಂತ ಇವನು ಹಿತ್ತಲಲ್ಲಿ ಹೋಗಿ ಕೂತ. ಹಾಗಾಗಿ ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಎಲ್ಲ ಕಡೆ ಜನನ ಮರಣದ ದಾಖಲೆ ತೆಗೆಸಿದೆ. ಎಲ್ಲಿಯೂ ಪಾಲಣ್ಣ ಇಲ್ಲ. ಅವ್ವ ಜೊತೆಗೆ ಬರುತ್ತಿದ್ದಳು, ಆದರೆ ಕಚೇರಿಯ ಒಳಗೆ ಕಾಲಿಡುತ್ತಿರಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ, ಬಾಗಿಲಿಗೆ ಬೆನ್ನು ಮಾಡಿ ಕೂತಿರುತ್ತಿದ್ದಳು. ಅವಳ ಸಂಕಟ ನನಗೆ ತಿಳಿಯುತ್ತಿತ್ತು. ಹೆಸರು ಸಿಕ್ಕರೆ ಗಂಡ ಸತ್ತಿದ್ದಾನೆ, ಸಿಗದಿದ್ದರೆ ಬಿಟ್ಟು ಓಡಿಹೋಗಿದ್ದಾನೆ. ನಾನು ಬರಿಗೈಯಲ್ಲಿ ಹೊರಗೆ ಬಂದಾಗಲೆಲ್ಲ ಅವಳು ಒಮ್ಮೆ ಉಸಿರು ಬಿಡುವಳು, ಆಮೇಲೆ ಮುಖ ಇನ್ನಷ್ಟು ಸಣ್ಣ ಮಾಡಿಕೊಳ್ಳುವಳು.

ಉಳಿದದ್ದು ಹರಪನಹಳ್ಳಿ. ಅಲ್ಲಿನ ದಾಖಲೆ ಕೋಣೆಯಲ್ಲಿ ಹಾಲೇಶಪ್ಪ ಅನ್ನೋರು ಇದ್ದರು. ಅವರೂ ಹೆಸರು ಹಿಡಿದು ಹುಡುಕಿ, "ಇಲ್ಲ ಕಣಮ್ಮ" ಅಂದರು. ನನಗೆ ತಲೆ ಕೆಟ್ಟುಹೋಗಿತ್ತು. "ಮಗನ ಹರಕಿ ಅಂತ ಕೊಳ್ಳಾಗ ಲಾಡಿ ಹಾಕ್ಕೊಂಡು ಹೋದ ಮನುಷ್ಯಾ, ಯಾವ ಮಣ್ಣಾಗ ಹೊಕ್ಕಾನೋ ಏನೋ" ಅಂತ ಗೊಣಗಿಕೊಂಡು ಎದ್ದೆ. ಹಾಲೇಶಪ್ಪ ಕನ್ನಡಕ ತೆಗೆದರು.

"ಲಾಡಿ ಹಾಕ್ಕೊಂಡಿದ್ರಾ? ಫಕೀರ ಆಗಿದ್ರಾ? ಅದನ್ನ ಮೊದಲೇ ಹೇಳಬಾರದೇನಮ್ಮ. ಕೂತ್ಕಳಿ."

ನಮ್ಮ ಕಡೆ ಅಲಾಯಿ ದೇವರಿಗೆ ಹರಕೆ ಹೊತ್ತವರು ಮೊಹರಂ ದಿನಗಳಲ್ಲಿ ಬಣ್ಣದ ನೂಲಿನ ಲಾಡಿ ಕೊರಳಿಗೆ ಹಾಕಿಕೊಂಡು ಫಕೀರರಾಗುತ್ತಾರೆ, ಮನೆಮನೆ ಬೇಡಿ ಉಣ್ಣುತ್ತಾರೆ. ಅದಕ್ಕೆ ಹಿಂದೂ ಮುಸಲ್ಮಾನ ಅಂತ ಇಲ್ಲ. ಕ್ರಾಂತಿ ನಾಲ್ಕು ವರ್ಷವಾದರೂ ಎದ್ದು ನಿಂತಿರಲಿಲ್ಲ. ಅವನು ನಡೆದರೆ ಫಕೀರನಾಗುತ್ತೇನೆ ಅಂತ ಅಪ್ಪ ಹೊತ್ತಿದ್ದ ಹರಕೆ ಅದು. ಹಾಲೇಶಪ್ಪ ಆ ವರ್ಷ ಸತ್ತ ಅಪರಿಚಿತರ ದಾಖಲೆ ತೆಗೆದು ಬೆರಳಿಟ್ಟರು. ಹೆಸರು ತಿಳಿದಿಲ್ಲ, ಗಂಡಸು, ಫಕೀರ. ಸ್ಥಳ ಹಲವಾಗಲು. ತಿಳಿಸಿದವರು ಶೇಖಾವಲಿ, ಸೈಕಲ್ ಶಾಪ್.

ಹೊರಗೆ ಬಂದು ಹೇಳಿದೆ. ಅವ್ವ ಈ ಸಲ ಉಸಿರು ಬಿಡಲಿಲ್ಲ. "ನಡಿ" ಅಂದಳು, ಅಷ್ಟೆ.

ಹಲವಾಗಲಿನಲ್ಲಿ ಶೇಖಾವಲಿಯವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ವಯಸ್ಸಾಗಿದೆ, ಸೈಕಲ್ ಶಾಪ್ ಈಗ ಬೈಕಿನ ಗ್ಯಾರೇಜು ಆಗಿದೆ. ನಾನು ಮೊಹರಂ, ಫಕೀರ, ಹುಣಸೆಹಣ್ಣು ಅನ್ನುವಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಜೈತುನ್ ಬೀ ಹಿಟ್ಟಿನ ಕೈಯಲ್ಲೇ ಹೊರಬಂದರು.

"ಕ್ರಾಂತಿ ಅಂದ್ರ ಯಾರವ್ವ?" ಅಂದರು.

"ನನ್ನ ತಮ್ಮರಿ" ಅಂದೆ.

"ಸೈಕಲ್ ಪಂಚರ್ ಆಗೇತಿ ಅಂತ ಬಂದಿದ್ದ. ಇವ್ರು ಪಂಚರ್ ಹಾಕೋ ಹೊತ್ತಿಗೆ ನನ್ನ ಬಾಗಲಿಗೆ ಬಂದು ಕೈ ಒಡ್ಡಿದ. ಯಾರ ಹರಕಿಯಪ್ಪ ಅಂತ ಕೇಳಿದೆ. ಕ್ರಾಂತಿ ನಡದಾನವ್ವ, ಅಂದ. ಕ್ರಾಂತಿ ಅಂದ್ರ ಗಂಡೋ, ಹೆಣ್ಣೋ, ನನಗೇನು ಗೊತ್ತು? ಅವರಕ್ಕ ಬಾಳ ಸಿಟ್ಟಿನಾಕಿ, ಅಕಿ ಬೈಯ್ತಾ ಬೈಯ್ತಾ ಕೈ ಹಿಡದು ನಡಸ್ಯಾಳ, ಅಂತ ನಕ್ಕ. ಆಮ್ಯಾಲೆ ಬೇವಿನ ಗಿಡದ ಕೆಳಗ ಕುಂತ. ಎದಿ ಮ್ಯಾಲೆ ಕೈ ಇಟ್ಕೊಂಡು ಹಂಗೇ ಒರಗಿಬಿಟ್ಟ. ಡಾಕ್ಟ್ರು ಬರೋದ್ರಾಗ ಮುಗದಿತ್ತು."

"ಊರು ಯಾವುದು ಅಂತ ಒಂದು ಮಾತು ಕೇಳಬಾರದಾಗಿತ್ತೇನ್ರಿ?" ಅಂದೆ. ದನಿ ಏರಿತ್ತು, ನನ್ನ ಹಣೆಬರಹವೇ ಅದು.

ಶೇಖಾವಲಿ ಸಿಟ್ಟು ಮಾಡಿಕೊಳ್ಳಲಿಲ್ಲ. "ಲಾಡಿ ಕೊಳ್ಳಾಗ ಇದ್ದಾಗ ಫಕೀರನ ಊರು, ಜಾತಿ, ಹೆಸ್ರು ಕೇಳಬಾರದಮ್ಮ. ನಮ್ಮ ಹಿರೇರು ಹಂಗೇ ಹೇಳಿಕೊಟ್ಟಾರ. ಅವತ್ತು ಆ ಪದ್ಧತಿ ಮುರಿದಿದ್ರ ನಿಮಗ ಇಷ್ಟು ವರ್ಷದ ನೋವು ತಪ್ಪತಿತ್ತು, ಅದು ನನ್ನ ತಲ್ಯಾಗ ಇದ್ದೇ ಐತಿ. ಪೊಲೀಸ್ರು ಬಂದ್ರು, ನೋಡಿದ್ರು, ಕಿಸೆದಾಗ ಹೆಸ್ರಿನ ಒಂದು ಚೀಟಿನೂ ಇರಲಿಲ್ಲ. ಯಾರೂ ಕೇಳಿಕೊಂಡು ಬರಲಿಲ್ಲ. ನಮ್ಮ ಬಾಗಲಿಗೆ ಬಂದೋನು ನಮ್ಮ ಮನ್ಯಾಗಿನೋನೇ ಅಂತ ನಾವೇ ಮಣ್ಣು ಮಾಡಿದ್ವಿ. ಲಾಡಿ ತೆಗಿಯಾಕ ಮನಸ್ಸು ಬರಲಿಲ್ಲ."

ಖಬರಸ್ತಾನದ ಮೂಲೆಯಲ್ಲಿ, ಅವರ ತಂದೆಯ ಗೋರಿಯ ಪಕ್ಕದಲ್ಲೇ ಅಪ್ಪ ಇದ್ದ. ಸುಣ್ಣ ಬಳಿದ ಕಲ್ಲು, ಸುತ್ತ ಕಸ ತೆಗೆದ ನೆಲ. ಶೇಖಾವಲಿ ಮನೆಯವರು ಪ್ರತಿ ಮೊಹರಂನಲ್ಲಿ ಇಲ್ಲಿಗೆ ಬಂದು ಸತ್ತವರಿಗಾಗಿ ಓದಿಸುವ ಫಾತಿಹಾ ಓದಿಸುತ್ತಾರಂತೆ. ಸ್ವಂತ ಊರೇ ಓಡಿಹೋದವನು ಅಂದವನಿಗೆ ಇಪ್ಪತ್ತು ವರ್ಷ ಹೀಗೆ ನಡೆದುಕೊಂಡದ್ದು, ಅವನ ಹೆಸರೂ ತಿಳಿಯದ ಜನ. ಕೃತಜ್ಞತೆ ಅನ್ನೋದನ್ನು ನಾನು ಭಾಷಣದಲ್ಲಿ ಕೇಳಿದ್ದೆನೇ ಹೊರತು ಎದೆಯಲ್ಲಿ ಹೀಗೆ ಒತ್ತಿಕೊಂಡು ಬರುತ್ತದೆ ಅಂತ ಗೊತ್ತಿರಲಿಲ್ಲ. ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತೆ.

ಅವ್ವ ಅಳಲಿಲ್ಲ. ಕಲ್ಲನ್ನು ಮುಟ್ಟಿದಳು, ಆಮೇಲೆ ಜೈತುನ್ ಬೀ ಕಡೆ ತಿರುಗಿ ಒಂದೇ ಮಾತು ಕೇಳಿದಳು. "ಉಂಡಿದ್ನೇನವ್ವ?"

"ಉಂಡಿದ್ದ ಕಣಕ್ಕ. ರೊಟ್ಟಿ ಪಲ್ಯ ಉಂಡ, ಹಬ್ಬಕ್ಕ ಮಾಡಿದ್ದ ಬೆಲ್ಲದ ಚೊಂಗೆ ತಿಂದ. ಇನ್ನೊಂದು ಬೇಡಿ ಇಸಗೊಂಡ, ನನ್ನ ಹೆಂಡ್ತಿಗೆ ಇದಂದ್ರ ಜೀವ ಅಂತ ಟವಲಿನ್ಯಾಗ ಕಟ್ಟಿಕೊಂಡ."

ಅವ್ವ ಬಗ್ಗಿ ಅವರ ಕಾಲು ಹಿಡಿದಳು. ಜೈತುನ್ ಬೀ, "ಏ ಬಿಡಕ್ಕ, ಅಲ್ಲಾ ಮೆಚ್ಚಂಗಿಲ್ಲ" ಅಂತ ಎತ್ತಿ ಎದೆಗೊತ್ತಿಕೊಂಡರು. ದಾಖಲೆಗೆ ಹೆಸರು ಸೇರಿಸಲು ಬೇಕಾದ ಹೇಳಿಕೆ ಬರೆದುಕೊಡಲು ತಾವೇ ಹರಪನಹಳ್ಳಿಗೆ ಬರುವುದಾಗಿ ಶೇಖಾವಲಿ ಹೇಳಿದರು. ಮದುವೆಗೆ ಇಡೀ ಮನೆಯವರು ಬರಬೇಕು, ಅಪ್ಪನ ಕಡೆಯವರು ಅಂತ ಮುಂದೆ ಕೂರಬೇಕು ಅಂತ ನಾನು ಜಗಳಕ್ಕೆ ನಿಂತವಳ ಹಾಗೆ ಕರೆದು ಬಂದೆ.

ವಾಪಸು ಬರುವಾಗ ಹರಪನಹಳ್ಳಿಯಲ್ಲಿ ಕೊಟ್ಟೂರಿನ ಬಸ್ಸು ಹತ್ತಿದೆವು. ಅವ್ವನ ಪಕ್ಕ ಗುರುತಿಲ್ಲದ ಒಬ್ಬ ಹೆಂಗಸು ಕೂತಳು. ಎಲೆಯಡಿಕೆ ಬಿಚ್ಚುತ್ತಾ, "ಯಾವೂರವ್ವ? ಯಜಮಾನ್ರು ಏನ್ ಮಾಡ್ತಾರ?" ಅಂದಳು. ನಾನು ಹಿಂದಿನ ಸೀಟಿನಲ್ಲಿ ಬಿಗಿಯಾಗಿ ಕೂತೆ. ಈ ಪ್ರಶ್ನೆ ಬಂದಾಗಲೆಲ್ಲ ಅವ್ವ ಕಿಟಕಿ ಕಡೆ ತಿರುಗಿಬಿಡುತ್ತಿದ್ದಳು.

ಅವ್ವ ಅವಳ ಕೈಯಿಂದ ಎಲೆ ತೆಗೆದುಕೊಂಡಳು. "ತೀರಿಕೊಂಡಾರವ್ವ" ಅಂದಳು. "ಬಾಳ ಒಳ್ಳೆ ಮನುಷ್ಯ. ಮಗನ ಹರಕಿ ತೀರಸಾಕ ಹೋಗಿ ತೀರಿಕೊಂಡ್ರು." ಆಮೇಲೆ ಕೊಟ್ಟೂರು ಬರುವವರೆಗೂ ಅವಳು ಗಂಡನ ಮಾತು ನಿಲ್ಲಿಸಲಿಲ್ಲ.