ರುಚಿ ನೋಡದ ಉಪಾಧ್ಯರು

ಸದಾನಂದ ಉಪಾಧ್ಯರು ಬಿಯರ್ ಮಾಡುತ್ತಾರೆ, ಕುಡಿಯುವುದಿಲ್ಲ. ಸೋಮವಾರ ಬಿಟ್ಟು ಶನಿವಾರ ಬಿಟ್ಟು ಎನ್ನುವ ಜಾತಿಯ ನಿಯಮವಲ್ಲ ಅದು. ಅರವತ್ತೈದು ದಾಟಿದ ಆ ನಾಲಿಗೆಗೆ ಈ ಜನ್ಮದಲ್ಲಿ ಅದರ ಒಂದು ತೊಟ್ಟೂ ತಾಗಿಲ್ಲ. ಸ್ಯಾನ್ ಡಿಯಾಗೋದ ತಮ್ಮ ಮನೆಯ ಗರಾಜಿನಿಂದ ಕಾರನ್ನು ಬಿಸಿಲಿಗೆ ತಳ್ಳಿ, ಅದರ ಜಾಗದಲ್ಲಿ ಸ್ಟೀಲಿನ ಹಂಡೆಗಳನ್ನು ಸಾಲಾಗಿ ಕೂರಿಸಿ, ಬಾರ್ಲಿಯ ಮಾಲ್ಟನ್ನು ಕುದಿಸಿ, ಸೋಸಿ, ತಣಿಸಿ, ಹುದುಗಿಸಿ, ಹೀಗೆ ವಾರಗಟ್ಟಲೆ ತಪಸ್ಸಿನಂತೆ ಸಿದ್ಧಪಡಿಸಿದ ಪಾನೀಯವನ್ನು ಪರರ ಬಾಯಿಗೆ ಒಡ್ಡಿ, ಆ ಬಾಯಿ ಏನು ಹೇಳುತ್ತದೆಂದು ಕಣ್ಣು ಮಿಟುಕಿಸದೆ ಕಾಯುವ ಈ ಮನುಷ್ಯನನ್ನು ನಾನು ಎರಡು ಸಾವಿರದ ಇಪ್ಪತ್ತರಿಂದ ಸಹಿಸಿಕೊಂಡು ಬಂದಿದ್ದೇನೆ. ಮೆಚ್ಚಿಕೊಂಡು ಬಂದಿದ್ದೇನೆ ಎಂದು ಬರೆದರೆ ನನ್ನನ್ನು ಬಲ್ಲವರು ನಗುತ್ತಾರೆ.

ಯಾಕೆ ಕುಡಿಯುವುದಿಲ್ಲ ಎಂದು ಮೊದಲ ಭೇಟಿಯಲ್ಲೇ ಕೇಳಿದ್ದೆ. ಉಡುಪಿ ಕಡೆಯ ಅಡುಗೆಯವರ ಮನೆತನ ಅವರದು. ಅಜ್ಜ, ದೊಡ್ಡಪ್ಪಂದಿರು ಸಾವಿರ ಎಲೆಯ ಊಟಕ್ಕೆ ಸಾರು, ಹುಳಿ, ಪಾಯಸ ಮಾಡಿದವರು. ಒಮ್ಮೆಯೂ ಸೌಟನ್ನು ನಾಲಿಗೆಗೆ ಮುಟ್ಟಿಸದೆ, ಬರೀ ಘಮದಿಂದ ಉಪ್ಪು ಹದ ಹೇಳಿದವರು. "ಅಡುಗೆಯವ ರುಚಿ ನೋಡಿದ್ರೆ ಅದು ಎಂಜಲಾಯ್ತಲ್ಲ ಮಾರಾಯ್ರೆ. ಮತ್ತೆ ನೈವೇದ್ಯ ಮಾಡ್ಲಿಕ್ಕೆ ಉಂಟಾ?" ಎಂದರು. ಬಿಯರಿನ ನೈವೇದ್ಯ ಯಾವ ದೇವರಿಗೆ ಸ್ವಾಮಿ ಎಂದೆ. "ನೀವೆಲ್ಲ ಇದ್ದೀರಲ್ಲ" ಎಂದು ನಗದೆ ಉತ್ತರಿಸಿದರು. ಅವರು ತಮಾಷೆ ಮಾಡುವುದಿಲ್ಲ ಎಂದು ನನಗೆ ಆಗಿನ್ನೂ ತಿಳಿದಿರಲಿಲ್ಲ.

ಅವರು ನಡೆಯುವುದನ್ನು ನೋಡಬೇಕು. ಬೆನ್ನು ನೆಟ್ಟಗಿದೆ, ಹೆಜ್ಜೆ ಚುರುಕಾಗಿದೆ, ಕತ್ತು ಮಾತ್ರ ದೇಹಕ್ಕಿಂತ ಒಂದು ಗೇಣು ಮುಂದೆ. ಮೊದಲು ಮೂಗು ಕೋಣೆಯನ್ನು ಪ್ರವೇಶಿಸುತ್ತದೆ, ಆಮೇಲೆ ಉಪಾಧ್ಯರು. ಲಾ ಹೋಯಾದ ಸಾಗರ ಸಂಶೋಧನಾ ಸಂಸ್ಥೆಯಲ್ಲಿ ಸಮುದ್ರದ ಉಪ್ಪನ್ನೂ ಉಷ್ಣತೆಯನ್ನೂ ಅಳೆಯುವ ಉಪಕರಣಗಳನ್ನು ರೂಪಿಸುತ್ತ ಆಯುಷ್ಯ ಕಳೆದವರು, ನಿವೃತ್ತರಾದಾಗ ಅಲ್ಲಿಂದ ತಂದದ್ದು ಒಂದು ಬಿಳಿಯ ಕೋಟು. ಈಗ ಅದು ಬಿಳಿಯೂ ಅಲ್ಲ, ಹಳದಿಯೂ ಅಲ್ಲ. ಬಿಯರ್ ಕುದಿಸುವ ದಿನ ಅದನ್ನು ತೊಟ್ಟು, ಜೇಬಿಗೆ ಥರ್ಮಾಮೀಟರ್ ಸಿಕ್ಕಿಸಿ, ಹಂಡೆಯ ಮುಂದೆ ನಿಂತರೆ, ಅವರ ಶ್ರೀಮತಿ ಸ್ವರ್ಣಲತಾ ಗರಾಜಿನ ಕಡೆ ತಲೆ ಹಾಕುವುದಿಲ್ಲ. ಆ ವಾಸನೆಗೆ ತಲೆನೋವು ಬರುತ್ತದೆ ಎಂದು ಆಕೆ ಹೇಳುತ್ತಾರಾದರೂ, ವಾಸನೆಗಿಂತ ಉಪಾಧ್ಯರ ವಿವರಣೆಗೆ ಹೆದರಿಯೇ ಹೀಗೆ ಮಾಡುತ್ತಾರೆಂದು ನನ್ನ ಅನುಮಾನ.

ನಮ್ಮ ಬಳಗ ಹುಟ್ಟಿದ್ದು ಎಲ್ಲರೂ ಮನೆಯೊಳಗೆ ಬೀಗ ಹಾಕಿಕೊಂಡು ಕೂತ ಕಾಲದಲ್ಲಿ. ಪೊಮೊನಾದಲ್ಲಿ ಪಾಠ ಹೇಳುವ ನಾನು, ಪಸಡೀನಾದಲ್ಲಿರುವ ಮೈಸೂರಿನ ನಿವೃತ್ತ ಡಾಕ್ಟರ್ ಇಂದುಶೇಖರ, ಅವರ ಪರಿಚಯದ ಇನ್ನೂ ಮೂರು ಜನ. ವಾಟ್ಸಾಪಿನಲ್ಲಿ ನಮ್ಮ ಹೆಸರು 'ನೊರೆ ಬಳಗ'. ತಿಂಗಳಿಗೊಂದು ಶನಿವಾರ ಎಲ್ಲರೂ ಅವರವರ ಹಿತ್ತಲಲ್ಲಿ ಒಂದೇ ಹೊತ್ತಿಗೆ ಒಲೆ ಹಚ್ಚಿ, ಫೋನನ್ನು ಇಟ್ಟಿಗೆಗೆ ಒರಗಿಸಿ, ಮುಖ ನೋಡುತ್ತ ಬಿಯರ್ ಕುದಿಸುವುದು ವಾಡಿಕೆ. ಆ ದಿನದ ಪ್ಲಾನು ಉಪಾಧ್ಯರದು. ಗುರುವಾರ ಪ್ಲಾನ್ ಬರುತ್ತದೆ, ಶುಕ್ರವಾರ ತಿದ್ದುಪಡಿ ಬರುತ್ತದೆ, ಶನಿವಾರ ನಾವು ಹಲ್ಲುಜ್ಜುವ ಮೊದಲೇ ತಿದ್ದುಪಡಿಯ ತಿದ್ದುಪಡಿ ಬರುತ್ತದೆ. ಹಂಡೆಯನ್ನು ಒಲೆಯ ಮೇಲೆ ಇಡಿ ಎನ್ನುವುದಕ್ಕೆ ಅವರಲ್ಲಿ ಐದು ಉಪವಿಧಿಗಳಿವೆ. ಹಂಡೆ ಖಾಲಿ ಇದೆಯೇ ನೋಡಿಕೊಳ್ಳುವುದು ಅವುಗಳಲ್ಲೊಂದು. ಕುದಿಯುವಾಗ ಹಾಪ್ಸ್ ಎಂಬ ಕಹಿಹೂವನ್ನು ನಾನು ಒಂದು ಚಿಟಿಕೆ ಹೆಚ್ಚು ಹಾಕಿದರೂ ಇನ್ನೂರು ಕಿಲೋಮೀಟರ್ ಆಚೆಯಿಂದ ಪರದೆಯಲ್ಲಿ ಮೂಗು ಮುಂದೆ ಬರುತ್ತದೆ. "ಕುಮುದಾ, ಚಮಚ ಎಲ್ಲಿ ಇಟ್ರಿ? ಕಲ್ಲಿನ ಮೇಲಾ? ಇನ್ನು ಅದನ್ನು ಮುಟ್ಟಬೇಡಿ." ನನ್ನ ಸ್ವಂತ ಹಿತ್ತಲಲ್ಲಿ, ನನ್ನ ಸ್ವಂತ ಚಮಚವನ್ನು ನಾನು ಮುಟ್ಟುವ ಹಾಗಿಲ್ಲ.

ಆದರೆ ಹೊಟ್ಟೆ ಉರಿದರೂ ಹೇಳಲೇಬೇಕು: ಆ ಪ್ಲಾನು ಕರಾರುವಾಕ್ಕು. ಅದನ್ನು ಅಕ್ಷರಶಃ ಅನುಸರಿಸಿದ ನಮ್ಮೆಲ್ಲರ ಬಿಯರು ಹದವಾಗಿ, ಸ್ವಚ್ಛವಾಗಿ ಬರುತ್ತಿತ್ತು. ಅದುವರೆಗೆ ಕಾಫಿಯನ್ನೂ ಸರಿಯಾಗಿ ಸೋಸಲು ಬಾರದ ಇಂದುಶೇಖರರು ನೆರೆಹೊರೆಯವರನ್ನು ಕರೆದು ಕೊಡುವಷ್ಟು ಧೈರ್ಯವಂತರಾದರು. ಕೆಟ್ಟದ್ದಾಗಿ ಬರುತ್ತಿದ್ದುದು ಒಬ್ಬರದೇ, ಉಪಾಧ್ಯರದು. ಪ್ರತಿ ಸಲವೂ ಹುಳಿ. ಗ್ಲಾಸನ್ನು ತುಟಿಗೆ ತಂದ ಕೂಡಲೇ ದವಡೆಯ ಮೂಲೆ ಹಿಡಿದುಕೊಳ್ಳುವಂಥ ಹುಳಿ.

ಇದನ್ನು ಅವರಿಗೆ ಯಾರು ಹೇಳಬೇಕು? ನಮ್ಮವರಿಗೆ ದಾಕ್ಷಿಣ್ಯ ಎಂಬ ಕಾಯಿಲೆಯಿದೆ. ವಿದ್ಯೆ ಕಲಿಸಿದ ಗುರುವಿಗೆ, ಅದೂ ಸ್ವತಃ ಕುಡಿಯದವರಿಗೆ, ನಿಮ್ಮದು ಬಾಯಿಗೆ ಇಡುವ ಹಾಗಿಲ್ಲ ಎಂದು ಹೇಳುವುದು ಹೇಗೆ ಎಂದು, ಬಿಯರು ಸಿದ್ಧವಾದ ಮೇಲೆ ಅವರ ಗರಾಜಿನಲ್ಲಿ ಸೇರಿದಾಗ ಎಲ್ಲರೂ ಗ್ಲಾಸನ್ನು ಕಷ್ಟಪಟ್ಟು ಮುಗಿಸಿ, ಚೆನ್ನಾಗಿದೆ ಉಪಾಧ್ಯರೇ ಎನ್ನುತ್ತಿದ್ದರು. ಅಷ್ಟಕ್ಕೆ ಅವರು ಬಿಟ್ಟರೆ ತಾನೆ? "ಚೆನ್ನಾಗಿದೆ ಅಂದ್ರೆ ಎಂತ?" ಎಂದು ಅಡ್ಡಸವಾಲು ಶುರು. ಯಾವ ಚೆನ್ನ, ನಾಲಿಗೆಯ ತುದಿಗೋ, ಗಂಟಲಿಗೋ, ನುಂಗಿದ ಮೇಲೆ ಏನು ಉಳಿಯಿತು, ಹೋದ ತಿಂಗಳಿಗಿಂತ ಎಷ್ಟು ಮೇಲು. ಬೆವರು ಒರೆಸಿಕೊಳ್ಳುತ್ತ ನಾಲ್ಕು ಜನ ಸುಳ್ಳಿನ ಮೇಲೆ ಸುಳ್ಳು ಪೋಣಿಸುವುದನ್ನು ನೋಡಲಾರದೆ ಒಮ್ಮೆ ನಾನೇ ನೇರವಾಗಿ, ಹುಳಿಯಾಗಿದೆ, ಕುಡಿಯೋಕಾಗಲ್ಲ ಎಂದುಬಿಟ್ಟೆ. ಉಪಾಧ್ಯರು ಬೇಸರಪಡಲಿಲ್ಲ. ಕತ್ತು ಮುಂದೆ ಚಾಚಿ ನನ್ನನ್ನು ಕನಿಕರದಿಂದ ನೋಡಿದರು. "ನಾಲ್ಕು ಜನ ಒಂದು ಹೇಳ್ತಾರೆ, ನೀವೊಬ್ರು ಬೇರೆ ಹೇಳ್ತೀರಿ. ಸಮುದ್ರದಲ್ಲಿ ನಾಲ್ಕು ಉಪಕರಣ ಒಂದೇ ಉಷ್ಣತೆ ತೋರಿಸಿ ಐದನೆಯದು ಬೇರೆ ತೋರಿಸಿದ್ರೆ ನಾವು ಐದನೆಯದನ್ನು ರಿಪೇರಿಗೆ ಕಳಿಸ್ತಿದ್ದೆವು." ಹೀಗೆ ನನ್ನ ನಾಲಿಗೆ ಕೆಟ್ಟ ಉಪಕರಣಗಳ ಪಂಗಡಕ್ಕೆ ಸೇರಿತು. ಮುಂದೆ ಎರಡು ವರ್ಷ ನನಗೆ ಗ್ಲಾಸು ಕೊಡುತ್ತಿದ್ದರು, ಅಭಿಪ್ರಾಯ ಕೇಳುತ್ತಿರಲಿಲ್ಲ. ಸತ್ಯ ಹೇಳಿದ್ದಕ್ಕೆ ಸಿಕ್ಕ ಸಂಬಳ ಅದು.

ಹೀಗೇ ನಡೆದುಕೊಂಡು ಹೋಗಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಇಪ್ಪತ್ಮೂರರ ವಸಂತದಲ್ಲಿ ಅವರ ಮಗಳು ಅಶ್ವಿತಾಳ ಮದುವೆ ನಿಶ್ಚಯವಾಯಿತು. ಲಾಸ್ ಏಂಜಲಿಸಿನಲ್ಲಿ ವಕೀಲೆಯಾಗಿರುವ ಹುಡುಗಿ. ಸಂಜೆಯ ಆರತಕ್ಷತೆಗೆ ಅಪ್ಪನ ಬಿಯರೇ ಇರಬೇಕು, ಬೇರೆ ಯಾವ ಉಡುಗೊರೆಯೂ ಬೇಡ ಎಂದಳಂತೆ. ಉಪಾಧ್ಯರು ಅದನ್ನು ಬಳಗಕ್ಕೆ ತಿಳಿಸಿದ ಸಂದೇಶದಲ್ಲಿ ಒಂದೂ ಉಪವಿಧಿ ಇರಲಿಲ್ಲ. ನಾನು ಲೆಕ್ಕ ಹಾಕಿದೆ. ಬೀಗರ ಕಡೆಯ ಇನ್ನೂರು ಜನ, ಕುಡಿದು ಬಲ್ಲ ಜನ, ದಾಕ್ಷಿಣ್ಯದ ಹಂಗಿಲ್ಲದ ಜನ. ಅವರ ಮುಂದೆ ಆ ಹುಳಿ, ಪಕ್ಕದಲ್ಲಿ ಕೋಟು ತೊಟ್ಟು ಹೇಗುಂಟು ಎಂದು ಕೇಳುತ್ತ ನಿಂತ ಮದುಮಗಳ ತಂದೆ. ಇಂದುಶೇಖರರಿಗೆ ಫೋನ್ ಮಾಡಿ, ಈಗಲಾದರೂ ಬಾಯಿ ಬಿಡಿ, ನಿಮ್ಮ ಮಾತಿಗೆ ಅವರಲ್ಲಿ ಬೆಲೆಯಿದೆ ಎಂದೆ. "ಪಾಪ ಕಣ್ರೀ, ಮಗಳ ಮದುವೆ ಹೊತ್ತಲ್ಲಿ ಮನಸ್ಸಿಗೆ ಬೇಜಾರು ಮಾಡೋದು ಯಾಕೆ? ಜನ ಒಂದು ಸಿಪ್ ಕುಡಿದು ಪಕ್ಕಕ್ಕಿಡ್ತಾರೆ ಬಿಡಿ" ಎಂದರು. ಎಷ್ಟೋ ರೋಗಿಗಳಿಗೆ ಕಠೋರ ಸತ್ಯವನ್ನು ಹೇಳಿರಬೇಕಾದ ಡಾಕ್ಟರ್ ಇವರು. ನಾನು ಸಿಟ್ಟಿಗೆ ಫೋನ್ ಇಟ್ಟೆ.

ಉಳಿದಿದ್ದ ಒಂದೇ ಭರವಸೆ ಅಶ್ವಿತಾ. ಈ ದೇಶದಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ಇಂಗ್ಲಿಷಿಗೆ ಮುಲಾಜು ಎಂಬುದಿಲ್ಲ. ಅಪ್ಪನ ಶರ್ಟನ್ನು ಎಲ್ಲರೆದುರು "ಅಪ್ಪಾ, ದ್ಯಾಟ್ ಈಸ್ ಹಾರಿಬಲ್" ಎನ್ನುವವಳು, ಬಿಯರನ್ನು ಬಿಟ್ಟಾಳೆಯೇ? ಮದುವೆಗೆ ಇನ್ನೂ ಒಂದು ತಿಂಗಳಿರುವಾಗ ಅವಳು ಮೊದಲ ಬಾರಿಗೆ ರುಚಿ ನೋಡಲು ಬರುತ್ತಾಳೆಂದು ತಿಳಿದು, ಕರೆಯದಿದ್ದರೂ ನಾನೇ ಡ್ರೈವ್ ಮಾಡಿಕೊಂಡು ಸ್ಯಾನ್ ಡಿಯಾಗೋಗೆ ಹೋದೆ.

ಉಪಾಧ್ಯರು ಗರಾಜಿನಲ್ಲಿ ಗ್ಲಾಸು ತುಂಬಿಸಿ ಮಗಳ ಕೈಗೆ ಕೊಟ್ಟರು. ಅವಳು ಒಂದು ಗುಟುಕು ಕುಡಿದಳು. ನುಂಗುವಾಗ ಗಂಟಲು ಒಂದು ಕ್ಷಣ ತಡೆದದ್ದನ್ನು ನಾನು ನೋಡಿದೆ. ಅವಳು ಅಪ್ಪನ ಮುಖ ನೋಡಿದಳು, ಕೋಟು ನೋಡಿದಳು, ಉಳಿದದ್ದನ್ನು ಒಂದೇ ಉಸಿರಿಗೆ ಕುಡಿದು, ಒಂದೊಂದೇ ಅಕ್ಷರವನ್ನು ಜೋಪಾನವಾಗಿ ಎತ್ತಿಟ್ಟು, "ತುಂಬಾ ಚೆನ್ನಾಗಿದೆ, ಅಪ್ಪ" ಎಂದಳು. ಕನ್ನಡದಲ್ಲಿ.

ಚೆನ್ನಾಗಿದೆ ಅಂದ್ರೆ ಎಂತ ಎಂದು ಉಪಾಧ್ಯರು ಕೇಳಲಿಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟು, ಒಳಗೆ ಹೋಗಿ ಊಟ ಮಾಡು ಎಂದರು. ಅವಳು ಹೋದ ಮೇಲೆ ಪೀಪಾಯಿಯನ್ನು ಹಿತ್ತಲ ಚರಂಡಿಗೆ ಎಳೆದು ನಲ್ಲಿ ತಿರುಗಿಸಿದರು. ಬಿಯರು ಹರಿದು ಹೋಗುವುದನ್ನು ನೋಡುತ್ತಲೇ ಹೇಳಿದರು. "ಅವಳ ಅಜ್ಜಿ ತೀರಿಹೋದ ದಿನ ನನ್ನ ಹತ್ರ ಕನ್ನಡ ಮಾತಾಡಿದ್ಲು ಕುಮುದಾ. ನನಗೆ ನೋವಾಗಬಾರದು ಅಂತ. ಮತ್ತೆ ಮಾತಾಡಿದ್ದು ಇವತ್ತು." ನನಗೆ ಅಯ್ಯೋ ಅನ್ನಿಸಿತು. ಇಷ್ಟು ವರ್ಷ ಅವರ ಮೇಲೆ ಗುಡ್ಡೆ ಹಾಕಿಕೊಂಡಿದ್ದ ಸಿಟ್ಟಿಗೆ ಆ ಹೊತ್ತಿನಲ್ಲಿ ಎಲ್ಲಿ ಕೂರುವುದೆಂದು ತಿಳಿಯಲಿಲ್ಲ.

ಅದಕ್ಕೆ ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ನಲ್ಲಿ ನಿಲ್ಲಿಸಿ ಅವರು ನನ್ನ ಕಡೆ ತಿರುಗಿದರು. "ಹುಳಿ ಅಂದ್ರಿ. ಎಂತ ಹುಳಿ? ಹುಣಸೆಯಾ, ಬಿಂಬುಳಿಯಾ, ಮಜ್ಜಿಗೆಯಾ?" ಮಜ್ಜಿಗೆ ಎಂದೆ. ಎಷ್ಟು ಹಳೆಯ ಮಜ್ಜಿಗೆ ಎಂದರು. ನನ್ನ ತಾಳ್ಮೆ ತಪ್ಪಿ, ಎಂದಿನಂತೆ ನನಗೂ ಕೊಟ್ಟಿದ್ದ ಗ್ಲಾಸನ್ನು ನೇರ ಅಡುಗೆಮನೆಗೆ ಒಯ್ದು ಸ್ವರ್ಣಲತಾ ಅವರ ಮೂಗಿಗೆ ಹಿಡಿದೆ. ಆಕೆ ಒಂದೇ ಸಲ ಮೂಸಿದರು. "ಇದು ನಮ್ಮ ಇಡ್ಲಿ ಹಿಟ್ಟಿನ ವಾಸನೆ ಅಲ್ವಾ?"

ಉಪಾಧ್ಯರ ಕೈಗುಣ ದೊಡ್ಡದು ಎಂಬುದು ಆ ಮನೆಯ ನಂಬಿಕೆ. ಅವರು ಕೈಹಾಕಿ ಕಲಸಿದರೆ ಹಿಟ್ಟು ಬೆಳಗಾಗುವುದರೊಳಗೆ ಪಾತ್ರೆ ಮೀರಿ ಉಬ್ಬುತ್ತದೆ. ಆದ್ದರಿಂದ ಪ್ರತಿ ಶುಕ್ರವಾರ ಕಲಸುವ ಕೆಲಸ ಅವರದೇ. ಮರುದಿನ ಬಿಯರನ್ನು ಹುದುಗಿಸುವ ಯೀಸ್ಟನ್ನು ನೆನೆಸುವಾಗ ಕಾಯಿಸಿದ ಚಮಚದಿಂದ ಕದಡಿ ಎಂದು ನಮಗೆಲ್ಲ ಆಜ್ಞೆ ಹೊರಡಿಸುವ ಈ ಮಹಾನುಭಾವರು, ತಾವು ಮಾತ್ರ ಕೈಯಿಂದ ಕಲಸುತ್ತಿದ್ದರಂತೆ. ಅದೂ ಜೀವ ಅಲ್ವಾ, ಕೈ ತಾಗಿದ್ರೆ ಒಳ್ಳೇದು ಎಂದು ಈಗ ತಗ್ಗಿದ ದನಿಯಲ್ಲಿ ಹೇಳಿದರು. ಕೈಯನ್ನು ಮಡಿಯವರಂತೆ ಮೂರು ಮೂರು ಬಾರಿ ತೊಳೆಯುತ್ತಿದ್ದುದು ನಿಜ. ಸ್ವರ್ಣಲತಾ ಗಂಡನ ಬೆರಳು ಹಿಡಿದು ನೋಡಿದರು. "ಈ ಪವಿತ್ರದುಂಗುರ ಮದುವೆಯಾದ ಮೇಲೆ ಒಮ್ಮೆಯಾದ್ರೂ ತೆಗೆದದ್ದುಂಟಾ ನೀವು?" ಸೋಪು ಹಚ್ಚಿ, ತಿರುಗಿಸಿ, ಎಳೆದು ತೆಗೆದಾಗ, ದರ್ಭೆಯ ಪವಿತ್ರದಂತೆ ಹೆಣೆದ ಆ ಚಿನ್ನದ ಗಂಟಿನ ಸಂದಿಯಲ್ಲಿ ಶುಕ್ರವಾರದ ಹಿಟ್ಟು ಗಟ್ಟಿಯಾಗಿ ಕೂತಿತ್ತು. ಮೂರು ವರ್ಷ ನನ್ನ ಚಮಚದ ಮೇಲೆ ಕಣ್ಣಿಟ್ಟವರು ತಮ್ಮ ಬೆರಳನ್ನು ನೋಡಿಕೊಂಡಿರಲಿಲ್ಲ. ಮೂಗಿಗೂ ಅದು ತಿಳಿಯಲಿಲ್ಲ, ಹುಟ್ಟಿದಂದಿನಿಂದ ಅದರಲ್ಲೇ ಇದ್ದ ವಾಸನೆ ತಾನೆ.

ಮರುವಾರ ಪಸಡೀನಾದ ಇಂದುಶೇಖರರ ಹಿತ್ತಲಲ್ಲಿ, ಇಡ್ಲಿ ಹಿಟ್ಟನ್ನು ಅಂಗಡಿಯಿಂದ ತರುವ ಆ ನಿರಪಾಯದ ಮನೆಯಲ್ಲಿ, ಉಪಾಧ್ಯರು ಕೈಗೆ ಗ್ಲೌಸ್ ಹಾಕಿಕೊಂಡು ತಮ್ಮದೇ ಪ್ಲಾನನ್ನು ಜೀವಮಾನದಲ್ಲಿ ಮೊದಲ ಬಾರಿ ಪೂರ್ತಿ ಪಾಲಿಸಿದರು. ಇಂದುಶೇಖರರು ಅಪರಾಧಿಯಂತೆ ನೀರು ಹೊತ್ತು ತಂದರು. ನಾನು ಹೊರಲಿಲ್ಲ, ನನಗೆ ಹೊರುವ ಋಣವಿರಲಿಲ್ಲ.

ಆರತಕ್ಷತೆಯ ಸಂಜೆ ಅವರು ಪೀಪಾಯಿಯ ಪಕ್ಕದಲ್ಲೇ ನಿಂತಿದ್ದರು, ಸೂಟಿನಲ್ಲಿ, ಕತ್ತು ಮುಂದೆ. ಬಂದವರೆಲ್ಲ ಸೊಗಸಾಗಿದೆ ಎನ್ನುತ್ತಿದ್ದರು. ಒಂದು ಮಾತೂ ಅವರೊಳಗೆ ಇಳಿಯುತ್ತಿರಲಿಲ್ಲ, ಬಣ್ಣಗೆಟ್ಟ ಮುಖದಲ್ಲಿ ನನ್ನನ್ನೇ ಹುಡುಕುತ್ತಿದ್ದರು. ನಾನು ಕುಡಿದೆ. ಎರಡನೆಯ ಗುಟುಕೂ ಕುಡಿದೆ. "ಕಹಿ ಸ್ವಲ್ಪ ಜಾಸ್ತಿಯಾಗಿದೆ" ಎಂದೆ. ಉಪಾಧ್ಯರು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಟ್ಟರು. "ಹಾಗಾದ್ರೆ ಉಳಿದದ್ದು ಸರಿ ಉಂಟು" ಎಂದು, ಅಲ್ಲಿಂದ ಕದಲಿ, ಮಗಳ ಪಕ್ಕದಲ್ಲಿ ಫೋಟೋಕ್ಕೆ ನಿಲ್ಲಲು ಹೋದರು.

ತಾವು ಉಣ್ಣದ್ದನ್ನು ಇನ್ನೊಬ್ಬರಿಗಾಗಿ ಮಾಡಿ ಬಡಿಸುವ ಜನ ಎಲ್ಲ ಊರುಗಳಲ್ಲೂ ಇದ್ದಾರೆ, ಮತ್ತು ಎಲ್ಲ ಊರುಗಳಲ್ಲೂ ಅವರು ತಲೆ ತಿನ್ನುತ್ತಾರೆ. ಹೇಗಾಗಿದೆ, ಹೇಗಾಗಿದೆ ಎಂಬ ಅವರ ಕಾಟ ತಡೆಯಲಾರದೆ ನಾವು ಹೊಗಳಿಕೆಯನ್ನು ಅವರ ಬಾಯಿಗೆ ತುರುಕಿ ಎದ್ದು ಬರುತ್ತೇವೆ, ಅವರು ಕೇಳಿದ್ದು ಅದೇ ಎಂದುಕೊಂಡು. ಅವರಿಗೆ ಹೊಗಳಿಕೆಯ ಹಸಿವಿಲ್ಲ. ತಮಗಿಲ್ಲದ ನಾಲಿಗೆಯೊಂದನ್ನು ನಮ್ಮಿಂದ ಸ್ವಲ್ಪ ಹೊತ್ತಿಗೆ ಕೇಳುತ್ತಿದ್ದಾರೆ, ಅಷ್ಟೆ. ಅದನ್ನೂ ಕೊಡದೆ ಚೆನ್ನಾಗಿದೆ ಎಂದು ನಗುವುದೆಂದರೆ, ಅವರದೇ ಪಂಕ್ತಿಯಲ್ಲಿ ಕೂತು, ಅವರೊಬ್ಬರನ್ನೇ ಹೊರಗೆ ನಿಲ್ಲಿಸಿದಂತೆ.