ಹೊಸ್ತಿಲಲ್ಲಿ ತಿರುಗುವವಳು

"ಮಣ್ಣ ಆದ ಕೂಡಲೇ ಸುವರ್ಣಾ ನನ್ನ ಜೋಡಿ ಬರಬೇಕು! ಇಲ್ಲಂದ್ರ ನಾ ಹೆಗಲ ಕೊಡಂಗಿಲ್ಲ!" ಸುವರ್ಣಾಳ ಗಂಡ ಧರೆಪ್ಪ ಅತ್ತೆಯ ಹೆಣದ ಮುಂದೆಯೇ ಕೂಗಾಡಿದ.

"ನಿನ್ನ ಹೆಗಲ ಯಾವನಿಗೆ ಬೇಕಾಗೈತೋ?" ಸುವರ್ಣಾಳ ಅಣ್ಣ ಸಿದ್ದರಾಯ ಎದ್ದ. ತಂಗಿಯ ಕಡೆ ತಿರುಗಿದಾಗ ದನಿ ಇಳಿಯಿತು. "ಹೋಗಿಬಿಡವಾ. ಮಂದಿ ನೋಡಾಕತ್ತಾರ. ಇಂಡಿ ಊರಾಗ ಬಾಡಿಗಿ ಖೋಲಿ ಹಿಡೀತೇನಿ, ಹೊಲಿಗಿ ಕೆಲಸ ಮಾಡ್ತೇನಿ ಅಂತೀಯಲ್ಲ, ಇವೆಲ್ಲ ಆಗೂ ಮಾತಲ್ಲ."

ಸುವರ್ಣಾ ತಾಯಿಯ ಕಾಲಬಳಿ ಕೂತಿದ್ದಳು. ಹುಬ್ಬಿನ ಮೇಲೆ ಗಂಡ ಹೊಡೆದ ಗಾಯ ಇನ್ನೂ ಆರಿರಲಿಲ್ಲ. ಹೆಣ ಕೂರಿಸಲು ಜಾಗ ಸಾಲದೆ ಟಿವಿಯನ್ನು ಕಟ್ಟೆಗೆ ತಂದು, ಗೋಡೆಗೆ ಮುಖ ಮಾಡಿ ಇಟ್ಟಿದ್ದರು.

"ಇನ್ನ ಸಂಜೀಕ ಟಿವ್ಯಾಗಿನ ಆ ಹುಡುಗಿಗೆ ಬೈಯಾವ್ರು ಯಾರದಾರ?" ನೆರೆಮನೆಯ ರಾಜಬಿ ಅಂದಳು. ಅಳುತ್ತಿದ್ದ ಹೆಂಗಸರು ಸೆರಗಿನಲ್ಲಿ ನಕ್ಕರು.

* * *

ಸುವರ್ಣಾಳ ತಾಯಿ ಸಾತವ್ವ ಬದುಕಿದ್ದಾಗ ಸಂಜೆ ಜೋಳ ಹಸನು ಮಾಡುತ್ತ ಧಾರಾವಾಹಿಯ ಮುಂದೆ ಕೂಡುತ್ತಿದ್ದಳು. ಅದರ ನಾಯಕಿ ಅತ್ತೆಯ ಕೈಲಿ ಬೈಸಿಕೊಂಡು, ಚೀಲ ತುಂಬಿ ಹೊರಡುತ್ತಿದ್ದಳು. ಹೊಸ್ತಿಲಲ್ಲಿ ಗಂಡ ಒಂದು ಸಿಹಿ ಮಾತಾಡಿದರೆ ಸಾಕು, ತಿರುಗಿ ಬರುತ್ತಿದ್ದಳು.

"ಹುಚ್ಚಿ! ಮತ್ತ ತಿರುಗಿದೆಲ್ಲೇ! ಇಷ್ಟ ವರ್ಷ ಆತು, ನಿನಗ ಬುದ್ಧಿ ಯಾವಾಗ ಬರ್ತೈತಿ?" ಎಂದು ಸಾತವ್ವ ಜೋಳ ಎಸೆಯುತ್ತಿದ್ದಳು. ಆಮೇಲೆ ಸೆರಗಿನಿಂದ ಪರದೆಯ ಮೇಲಿನ ಧೂಳು ಒರೆಸುತ್ತಿದ್ದಳು.

"ಬಂದ್ ಮಾಡಬಾರದೇನ ಅದನ್ನ?" ರಾಜಬಿ ಕೇಳಿದರೆ, "ಹೆಂಗ ಮಾಡ್ಲಿ? ನಮ್ಮ ಹುಡುಗಿ ಅಲ್ಲೇನ," ಅನ್ನುತ್ತಿದ್ದಳು.

ಸುವರ್ಣಾ ಮೊದಲ ಸಲ ಚೀಲ ಹಿಡಿದು ತವರಿಗೆ ಬಂದಾಗ ಸಾತವ್ವನೇ ರೊಟ್ಟಿ ಕಟ್ಟಿ, ಬುದ್ಧಿ ಹೇಳಿ ವಾಪಸ್ ಕಳಿಸಿದ್ದಳು. ಕಳೆದ ದೀಪಾವಳಿಗೆ ಮತ್ತೆ ಬಂದಾಗ ಹೋಗು ಅನ್ನಲಿಲ್ಲ, ಇರು ಅನ್ನಲೂ ಇಲ್ಲ. ಧರೆಪ್ಪ ಬಾಗಿಲಿಗೆ ಬಂದು ಕರೆದ. ಸುವರ್ಣಾ ಚಪ್ಪಲಿ ಮೆಟ್ಟಿದಳು. ಸಾತವ್ವ ಅತ್ತ ನೋಡದೆ ಟಿವಿಗೆ ಚೀರಿದಳು: "ಹೊಂಟೀ? ಹೋಗ! ಹೊಡಸ್ಕೊ ಹೋಗ ಹುಚ್ಚಿ!"

ಪರದೆಯ ಮೇಲೆ ಆಗ ಸೋಪಿನ ಜಾಹೀರಾತು ಬರುತ್ತಿತ್ತು.

* * *

ಮಣ್ಣು ಮುಗಿಸಿ ಮಂದಿ ಮರಳಿದರು. ಸತ್ತ ಮನೆಯಲ್ಲಿ ಯಾರೂ 'ಹೋಗಿ ಬರ್ತೇನಿ' ಅನ್ನುವುದಿಲ್ಲ. ಒಬ್ಬೊಬ್ಬರೇ ಎದ್ದು ಸುಮ್ಮನೆ ನಡೆದರು. ಅಂಗಳದಲ್ಲಿ ಧರೆಪ್ಪ ಬೈಕಿನ ಹಿಂದಿನ ಸೀಟನ್ನು ಟವೆಲ್ಲಿನಿಂದ ಒರೆಸುತ್ತಿದ್ದ.

ಸುವರ್ಣಾ ಚೀಲ ಎತ್ತಿಕೊಂಡಳು. ಸಿದ್ದರಾಯನಿಗೆ ಎದೆ ಹಗುರಾಯಿತು. ಹೊಸ್ತಿಲಲ್ಲಿ ಅವಳು ಒಂದು ಗಳಿಗೆ ನಿಂತಳು. ಸುವರ್ಣಾ ಕಾಲಿನಿಂದ ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು. ಬೈಕು ದಾಟಿ ನಡೆದಳು.

"ಏ, ಗಾಡಿ ಇಲ್ಲೈತಿ!" ಧರೆಪ್ಪ ಕೂಗಿದ. "ಸುವರ್ಣಾ, ನಿನ್ನ ಬಿಟ್ಟ ಇರಾಕ ಆಗಂಗಿಲ್ಲ ನನಗ!"

ರಸ್ತೆಯಲ್ಲಿ ಇಂಡಿಗೆ ಹೋಗುವ ಬಸ್ಸು ನಿಂತು, ಅವಳನ್ನು ಹತ್ತಿಸಿಕೊಂಡು ಹೊರಟಿತು. ಅದರ ಧೂಳು ಅಂಗಳದವರೆಗೂ ಬಂತು. ಧರೆಪ್ಪ ಸೀಟನ್ನು ಮತ್ತೆ ಒರೆಸತೊಡಗಿದ.